ಅಪಶಕುನವಲ್ಲ, ಅಪಘಾತ

ಇಂಗ್ಲಿಷ್ ಸಾಹಿತ್ಯದಲ್ಲಿ ‘ಗಾಥಿಕ್’ ಎಂಬ ಕಥನ ಪರಂಪರೆಯೊಂದಿದೆ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ ಕಾದಂಬರಿಯೊಂದು ಅದಕ್ಕೆ ನಾಂದಿ. ಪಾಳು ಕೋಟೆ, ಬಿರುಗಾಳಿ, ಕೆಟ್ಟ ಕನಸು, ಭವಿಷ್ಯವಾಣಿ, ತಪ್ಪಿಸಿಕೊಳ್ಳಲಾಗದ ಸಾವು ಇವೆಲ್ಲ ಅದರ ಸಾಮಗ್ರಿ. ಹದಿನೇಳನೆಯ ವಯಸ್ಸಿಗೇ ತೀರಿಕೊಂಡ ಗಾಯಕ ರಿಚಿ ವ್ಯಾಲೆನ್ಸ್‌ನ ಬದುಕನ್ನು ಹೇಳುವವರು ಸಾಮಾನ್ಯವಾಗಿ ಇದೇ ಸಾಮಗ್ರಿಯನ್ನು ಬಳಸುತ್ತಾರೆ.

ಮೆಕ್ಸಿಕನ್ ಮೂಲದ ಬಡ ಕುಟುಂಬದ ಈ ಹುಡುಗ 1941ರ ಮೇ 13ರಂದು ಲಾಸ್ ಏಂಜಲೀಸ್‌ನಲ್ಲಿ ಜನಿಸಿದ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಎಡಚನಾಗಿದ್ದರೂ ಬಲಗೈಯವರ ಗಿಟಾರ್ ನುಡಿಸಲು ಕಲಿತ. 1958ರಲ್ಲಿ ಅವನ ‘ಡೊನ್ನಾ’ ಮತ್ತು ‘ಲಾ ಬಾಂಬಾ’ ಧ್ವನಿಮುದ್ರಿಕೆಗಳು ಹೊರಬಂದವು. ಎರಡನೆಯದು ಮೆಕ್ಸಿಕೊದ ವೆರಾಕ್ರೂಸ್ ಪ್ರಾಂತದ ಜಾನಪದ ಹಾಡು. ಅದಕ್ಕೆ ಆತ ರಾಕ್ ಸಂಗೀತದ ಲಯ ತೊಡಿಸಿದ್ದ.

ಇದಕ್ಕೂ ಮುಂಚೆ, 1957ರ ಜನವರಿ 31ರಂದು ಅವನ ಶಾಲೆಯ ಮೇಲೆ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದಿದ್ದವು. ಅವಶೇಷಗಳು ಆಟದ ಮೈದಾನದ ಮೇಲೆ ಬಿದ್ದು ಮೂವರು ವಿದ್ಯಾರ್ಥಿಗಳು ಅಸುನೀಗಿದರು. ಅಂದು ಅಜ್ಜನ ಅಂತ್ಯಕ್ರಿಯೆಗೆಂದು ಹೋಗಿದ್ದ ರಿಚಿ ಶಾಲೆಯಲ್ಲಿರಲಿಲ್ಲ. ಆದರೂ ವಿಮಾನದ ಭಯ ಅವನ ಮನಸ್ಸಿನಲ್ಲಿ ಬೇರೂರಿತು.

ಎರಡು ವರ್ಷಗಳ ನಂತರ, ಮೈ ಕೊರೆಯುವ ಚಳಿಯಲ್ಲಿ, 24 ದಿನಗಳಲ್ಲಿ 24 ಊರುಗಳ ಸಂಗೀತ ಪ್ರವಾಸ. ಬಸ್ಸಿನ ಹೀಟರ್ ಕೆಟ್ಟು ಡ್ರಮ್ ವಾದಕನೊಬ್ಬನ ಕಾಲು ಹಿಮಕ್ಕೆ ಮರಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಅಯೋವಾದ ಕ್ಲಿಯರ್ ಲೇಕ್‌ನಲ್ಲಿ ಹಾಡಿದ ರಾತ್ರಿ, ಹಿರಿಯ ಗಾಯಕ ಬಡ್ಡಿ ಹಾಲಿ ಬಾಡಿಗೆಗೆ ಪಡೆದ ಪುಟ್ಟ ವಿಮಾನದಲ್ಲಿ ಒಂದು ಆಸನಕ್ಕಾಗಿ ರಿಚಿ ಮತ್ತು ಗಿಟಾರ್ ವಾದಕ ಟಾಮಿ ಆಲ್ಸಪ್ ನಾಣ್ಯ ಚಿಮ್ಮಿದರು. ರಿಚಿ ಗೆದ್ದ. 1959ರ ಫೆಬ್ರವರಿ 3ರ ನಡುರಾತ್ರಿ ಕಳೆದ ಮೇಲೆ ಹಾರಿದ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದರಲ್ಲಿ ಅಪ್ಪಳಿಸಿತು. ಮೂವರು ಗಾಯಕರೂ ಪೈಲಟ್ ಕೂಡ ಮೃತಪಟ್ಟರು.

ಮುನ್ಸೂಚನೆ, ನಾಣ್ಯ, ಹಿಮಗಾಳಿ, ಸಾವು! ‘ಹಣೆಬರಹ’ ಎಂದುಬಿಡಲು ಇನ್ನೇನು ಬೇಕು? 1987ರ ‘ಲಾ ಬಾಂಬಾ’ ಚಲನಚಿತ್ರವಂತೂ ಆ ಡಿಕ್ಕಿಯನ್ನು ಅವನನ್ನು ಕಾಡುವ ಕೆಟ್ಟ ಕನಸನ್ನಾಗಿಯೇ ತೋರಿಸಿತು.

ಆದರೆ ತನಿಖೆ ನಡೆಸಿದ ಅಮೆರಿಕದ ನಾಗರಿಕ ವಿಮಾನಯಾನ ಮಂಡಳಿ ಹಣೆಬರಹವನ್ನು ಹುಡುಕಲಿಲ್ಲ, ಕಾರಣವನ್ನು ಹುಡುಕಿತು. 21 ವರ್ಷದ ಪೈಲಟ್‌ಗೆ ಉಪಕರಣಗಳನ್ನಷ್ಟೇ ನೋಡಿ ವಿಮಾನ ನಡೆಸುವ ಅರ್ಹತೆ ಇರಲಿಲ್ಲ. ಹವಾಮಾನದ ಎಚ್ಚರಿಕೆಗಳನ್ನು ಅವನಿಗೆ ಸರಿಯಾಗಿ ತಿಳಿಸಿರಲಿಲ್ಲ. ಕತ್ತಲಲ್ಲಿ ದಿಗಂತ ಕಾಣದಿದ್ದಾಗ ನಮ್ಮ ಒಳಕಿವಿಯೇ ನಮಗೆ ಮೋಸ ಮಾಡುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ ಅಲ್ಲಿನ ದ್ರವವೂ ಜೊತೆಗೇ ತಿರುಗತೊಡಗಿ, ನೇರವಾಗಿ ಹೋಗುತ್ತಿದ್ದೇವೆ ಎನಿಸಿಬಿಡುತ್ತದೆ. ಆಗ ಉಪಕರಣವೇ ಗತಿ. ಆ ವಿಮಾನದ ಗೈರೋಸ್ಕೋಪ್ ಉಪಕರಣವೋ, ಏರುವುದನ್ನೂ ಇಳಿಯುವುದನ್ನೂ ಪೈಲಟ್ ಕಲಿತಿದ್ದಕ್ಕೆ ತದ್ವಿರುದ್ಧವಾಗಿ ತೋರಿಸುವಂಥದ್ದು! ಏರುತ್ತಿದ್ದೇನೆಂದು ಭಾವಿಸಿ ಅವನು ಇಳಿಯುತ್ತಿದ್ದಿರಬಹುದು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ತಾಳೆಯಾಗುವ ಸಂಗತಿಗಳನ್ನಷ್ಟೇ ಮನಸ್ಸು ಆರಿಸಿಕೊಳ್ಳುತ್ತದೆ. ಅಶುಭವೆನ್ನುವ ಅಂತ್ಯಕ್ರಿಯೆಯೇ 1957ರಲ್ಲಿ ರಿಚಿಯನ್ನು ಅಪಾಯದಿಂದ ದೂರವಿರಿಸಿತ್ತು ಎಂಬುದನ್ನು ಯಾರೂ ಶಕುನವೆಂದು ಎಣಿಸುವುದಿಲ್ಲ. ನಾಣ್ಯಕ್ಕೆ ಮುಂದಿನದು ತಿಳಿಯದು. ಯಾವ ಮುಖ ಬಿದ್ದರೂ ಆ ವಿಮಾನದ ಉಪಕರಣ ಬದಲಾಗುತ್ತಿರಲಿಲ್ಲ. ಸೋತ ಆಲ್ಸಪ್ 2017ರವರೆಗೆ ಬದುಕಿದ್ದರು.

ಮಕ್ಕಳು ತಮ್ಮ ಭಯವನ್ನು ಹೇಳಿಕೊಂಡಾಗ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವುದು ಅನೇಕ ಮನೆಗಳಲ್ಲಿ ರೂಢಿ. ಅದರ ಬದಲು ‘ಏಕೆ ಭಯ?’ ಎಂದು ಕೇಳಬಹುದು. ರಿಚಿಯ ಭಯ ಭವಿಷ್ಯವಾಣಿಯಾಗಿರಲಿಲ್ಲ. ಹವೆ ಹೇಗಿದೆ, ನಡೆಸುವವರಿಗೆ ಅರ್ಹತೆಯಿದೆಯೇ, ಈ ರಾತ್ರಿಯೇ ಹೋಗಲೇಬೇಕೇ ಎಂಬ ಮೂರು ಪ್ರಶ್ನೆಗಳಾಗಿ ಅದನ್ನು ಬಿಡಿಸಬಹುದಿತ್ತು. ಹಣೆಬರಹಕ್ಕೆ ಉತ್ತರವಿಲ್ಲ, ಈ ಮೂರಕ್ಕೂ ಇತ್ತು.