ಗೋಡೆಯಿಂದ ಗಾಳಿಪಟಕ್ಕೆ

ಮೆಕ್ಸಿಕೋದ ಚಿತ್ರಕಲೆಯೆಂದರೆ ನಮ್ಮಲ್ಲಿ ಹಲವರಿಗೆ ಡಿಯೇಗೊ ರಿವೇರಾ ಅವರ ಭಿತ್ತಿಚಿತ್ರಗಳು ನೆನಪಾಗುತ್ತವೆ. 1920ರ ದಶಕದಲ್ಲಿ ಅವರು ಅಲ್ಲಿನ ಶಿಕ್ಷಣ ಸಚಿವಾಲಯದ ಗೋಡೆಗಳ ಮೇಲೆ ರೈತರನ್ನೂ ಗಣಿ ಕಾರ್ಮಿಕರನ್ನೂ ಹಳ್ಳಿಯ ಶಿಕ್ಷಕಿಯನ್ನೂ ಚಿತ್ರಿಸಿದರು. ಜನಪರ ಕಲೆಗೆ ಅದು ಮೇಲ್ಪಂಕ್ತಿಯಾಯಿತು, ನಿಜ. ಆದರೆ ಗೋಡೆ ಸರಕಾರದ್ದು, ಸಂಭಾವನೆಯೂ ಸರಕಾರದ್ದೇ. ಸರಕಾರವನ್ನೇ ಪ್ರಶ್ನಿಸಬೇಕಾದಾಗ ಕಲಾವಿದನು ಎಲ್ಲಿ ಚಿತ್ರ ಬರೆಯಬೇಕು?

ಓಹಾಕಾ ನಗರದ ಫ್ರಾನ್ಸಿಸ್ಕೊ ತೊಲೆದೊ (1940-2019) ಇದಕ್ಕೆ ಕೊಟ್ಟ ಉತ್ತರ ನನಗೆ ಹೆಚ್ಚು ಮೆಚ್ಚುಗೆಯಾದುದು. 2014ರ ಸೆಪ್ಟೆಂಬರ್ 26ರ ರಾತ್ರಿ ಇಗ್ವಾಲ ಪಟ್ಟಣದಲ್ಲಿ, ಅಯೋತ್ಸಿನಾಪಾದ ಗ್ರಾಮೀಣ ಶಿಕ್ಷಕರ ತರಬೇತಿ ಶಾಲೆಯ 43 ಮಂದಿ ವಿದ್ಯಾರ್ಥಿಗಳು ಕಣ್ಮರೆಯಾದರು. ಅವರ ಬಸ್ಸುಗಳನ್ನು ತಡೆದವರು ಪೋಲೀಸರು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಬೇಕಾಗಿದ್ದ ಹುಡುಗರು ಅವರು! ತೊಲೆದೊ 43 ಗಾಳಿಪಟಗಳ ಮೇಲೆ ಅವರ ಮುಖಗಳನ್ನು ಮೂಡಿಸಿದರು. ಅವುಗಳನ್ನು ಹಾರಿಸಿದವರು ಓಹಾಕಾದ ಶಾಲಾಮಕ್ಕಳು. ಮೃತರ ಹಬ್ಬದಂದು ಆತ್ಮಗಳು ಗಾಳಿಪಟದ ದಾರ ಹಿಡಿದು ಇಳಿದುಬಂದು ಎಡೆಯನ್ನುಣ್ಣುತ್ತವೆಂಬ ನಂಬಿಕೆ ದಕ್ಷಿಣ ಮೆಕ್ಸಿಕೋದಲ್ಲಿದೆ. ಹಿರಿಯರಿಗೆ ಎಡೆಯಿಡುವ ನಮಗೆ ಇದು ತೀರ ಅಪರಿಚಿತವೆನಿಸದು. ನೆಲದಲ್ಲಿಯೂ ನೀರಿನಲ್ಲಿಯೂ ಹುಡುಕಿ ಸಿಗದವರನ್ನು ಆಕಾಶದಲ್ಲಿ ಅರಸೋಣವೆಂಬುದು ತೊಲೆದೊ ಅವರ ಭಾವವಾಗಿತ್ತು.

ಗಾಳಿಪಟ ಹಾರಿಸಿದರೆ ಹೋದವರು ಬರುವರೇ ಎಂದು ಕೇಳುವವರುಂಟು. ಬಾರರು. ಆದರೆ 2015ರ ಜನವರಿಯಲ್ಲಿ ಸರಕಾರವು, ಆ ಹುಡುಗರನ್ನು ಪಾತಕಿಗಳು ಕಸದ ಗುಂಡಿಯಲ್ಲಿ ಸುಟ್ಟರೆಂದು ಹೇಳಿ ಕಡತವನ್ನು ಮುಚ್ಚಹೊರಟಿತು. ಅದೇ ವರ್ಷ ಸ್ವತಂತ್ರ ತಜ್ಞರು ಆ ಮಾತನ್ನು ಅಲ್ಲಗಳೆದರು. 2022ರಲ್ಲಿ ಸರಕಾರವೇ ನೇಮಿಸಿದ ಆಯೋಗವು ಅದನ್ನು ಪ್ರಭುತ್ವದ ಅಪರಾಧವೆಂದು ಕರೆಯಿತು. ಅಷ್ಟು ಕಾಲವೂ ಆ ಮುಖಗಳನ್ನು ಜನರ ಕಣ್ಣೆದುರು ಹಿಡಿದವರು ತಾಯಿತಂದೆಗಳು; ಅವರ ಬೆನ್ನಿಗೆ ನಿಂತವರಲ್ಲಿ ಕಲಾವಿದರೂ ಇದ್ದರು. ಇಂತಹ ಕೃತಿಯನ್ನು ಬರಿಯ ಘೋಷಣೆಯೆಂದು ತಳ್ಳಿಹಾಕುವ ವಿಮರ್ಶಕರ ಮಾತು ನನಗೆ ಒಪ್ಪಿಗೆಯಿಲ್ಲ. ಘೋಷಣೆಯನ್ನು ಕೂಗಿ ಮರೆಯಬಹುದು. ದಾರ ಹಿಡಿದ ಮಗು ತಲೆಯೆತ್ತಿ ಆ ಮುಖವನ್ನು ನೋಡಲೇಬೇಕು.

ಗಡಿಯಾಚೆಯ ಕನ್ನಡಿಗರಾದ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತೊಲೆದೊ ಜಪೊತೆಕ್ ಜನಾಂಗದವರು. ಸ್ಪ್ಯಾನಿಷ್ ಭಾಷೆಯ ಪ್ರಾಬಲ್ಯದ ನಡುವೆ ಆ ಜನರ ನುಡಿ ಬದುಕುತ್ತಿದೆ. ಜಪೊತೆಕ್ ಬರವಣಿಗೆಗೆ ಬಹುಮಾನ ಏರ್ಪಡಿಸುವುದರಲ್ಲಿ ಅವರು ಮುಂದಾದರು. 1988ರಲ್ಲಿ ಓಹಾಕಾದಲ್ಲಿ ಮುದ್ರಣಕಲೆಯ ಸಂಸ್ಥೆಯೊಂದನ್ನು ಕಟ್ಟಿ, ಕಲಾಗ್ರಂಥಗಳ ದೊಡ್ಡ ಭಂಡಾರವನ್ನು ಊರವರಿಗೆ ತೆರೆದಿಟ್ಟರು.

ನಮ್ಮ ಸುವರ್ಣ ಮಹೋತ್ಸವದ ನಿಧಿಯಿಂದ ಸ್ವಾಗತ ಕಮಾನು ಕಟ್ಟುವ ವಿಚಾರ ಕೇಳಿಬರುತ್ತಿದೆ. ಕಮಾನು ಬೇಡವೆನ್ನಲಾರೆ. ಆದರೆ ಮೊದಲ ಕಂತಿನ ಹಣ ಚಿತ್ರಕಲೆಯ ಪುಸ್ತಕಗಳಿಗೂ ಮಕ್ಕಳ ಕೈಬರಹದ ಪತ್ರಿಕೆಗೂ ಸಲ್ಲಲಿ ಎಂದು ಹಳೆ ವಿದ್ಯಾರ್ಥಿ ಸಂಘವನ್ನು ವಿನಂತಿಸುತ್ತೇನೆ.