ನಡುರಾತ್ರಿಯ ಬಹುಮಾನ, ಹಾಡುಹಗಲಿನ ಸುಲಿಗೆ

ಸರಕು ಕೊಳ್ಳದೆ ಹಿಂದಿರುಗುವ ಗಿರಾಕಿಯಿಂದ ಹೊಸ್ತಿಲು ತುಳಿದ ಬಾಬ್ತು ಕಾಸು ಕೇಳುವ ವರ್ತಕನನ್ನು ನಮ್ಮ ಪೇಟೆಯಲ್ಲಿ ಯಾರಾದರೂ ಕಂಡಿದ್ದೀರಾ? ಕೇಳಿದರೆ ಮರುದಿನ ಅವನ ಅಂಗಡಿಯ ಮುಂದೆ ಜನ ಸೇರುತ್ತಾರೆ. ಆದರೆ ಇದೇ ವ್ಯಾಪಾರವನ್ನು ದೊಡ್ಡ ಬಂಡವಾಳದ ಟೆಲಿವಿಷನ್ ಕಂಪನಿಗಳು ವರ್ಷಗಟ್ಟಲೆ ನಡೆಸಿದವು. ಅದಕ್ಕೆ ರಸಪ್ರಶ್ನೆ ಎಂದು ಹೆಸರಿಟ್ಟವು. ಮರ್ಯಾದಸ್ಥ ಹೆಸರು!

ಇಂಗ್ಲೆಂಡಿನ ಸಂಗತಿಯನ್ನೇ ನೋಡೋಣ. ಅಲ್ಲಿ ಐಟಿವಿ ಎಂಬ ದೊಡ್ಡ ಸಂಸ್ಥೆ 2006ರ ಏಪ್ರಿಲಿನಲ್ಲಿ ಐಟಿವಿ ಪ್ಲೇ ಎಂಬ ವಾಹಿನಿಯನ್ನೇ ತೆರೆಯಿತು. ನಡುರಾತ್ರಿ ಕಳೆದ ಮೇಲೂ ನೇರ ಪ್ರಸಾರ. ನಿರೂಪಕರು ನಗುನಗುತ್ತ ಒಂದು ಒಗಟು ಮುಂದಿಡುತ್ತಾರೆ. ಉತ್ತರ ಹೊಳೆದವರು ಮನೆಯಿಂದಲೇ ಫೋನು ಮಾಡಬೇಕು. ಒಂದು ಕರೆಗೆ 75 ಪೆನ್ಸ್. ಕರೆ ಮಾಡಿದವರೆಲ್ಲ ನಿರೂಪಕರ ಮುಂದೆ ಬರುವರೆ? ಇಲ್ಲ. ಯಂತ್ರವು ಯಾರೋ ಒಬ್ಬನನ್ನು ಆರಿಸಿ ಒಳಗೆ ಬಿಡುತ್ತದೆ. ಉಳಿದವರಿಗೆ "ಈ ಸಲ ಆಗಲಿಲ್ಲ" ಎಂಬ ಉತ್ತರ. ಅವರ 75 ಪೆನ್ಸ್ ಮಾತ್ರ ಹಿಂದಕ್ಕೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಸಾವಿರ ಜನ ಒಂದೊಂದು ಸಲ ಕರೆದರೆಂದು ಇಟ್ಟುಕೊಳ್ಳಿ: 750 ಪೌಂಡು. ಒಬ್ಬನಿಗೆ ಉತ್ತರ ಹೇಳುವ ಅವಕಾಶ ಸಿಕ್ಕಿತು, 999 ಮಂದಿ ಬಾಗಿಲಲ್ಲೇ ನಿಂತರು. ಮಿಲ್ಲಿನ ಗೇಟಿನಲ್ಲಿ ಬದಲಿ ಕೆಲಸಕ್ಕಾಗಿ ಕಾದು ನಿಂತ ನೂರು ಮಂದಿಯಿಂದ ತಲೆಗಿಷ್ಟೆಂದು ವಸೂಲು ಮಾಡಿ, ಒಬ್ಬನನ್ನು ಒಳಗೆ ಕರೆದು, ಆ ಹಣದಲ್ಲೇ ಅವನ ಕೂಲಿ ಕೊಟ್ಟು, ಮಿಕ್ಕದ್ದನ್ನು ಧಣಿ ಜೇಬಿಗಿಳಿಸಿದಂತೆ ಇದು. ಹನಿಹನಿ ಕೂಡಿದರೆ ಹಳ್ಳವೇನೋ ನಿಜ. ಆದರೆ ಹನಿ ಯಾರದು, ಹಳ್ಳ ಯಾರದು?

ಒಗಟಿನ ಯೋಗ್ಯತೆಯನ್ನೂ ಕೇಳಿ. ಹೆಂಗಸರ ಕೈಚೀಲದಲ್ಲಿ ಏನೇನು ಇರಬಹುದು ಎಂಬುದು ಅಂತಹ ಒಂದು ಆಟದ ಪ್ರಶ್ನೆ. ಬಾಚಣಿಗೆ, ಕರವಸ್ತ್ರ ಎಂದೆಲ್ಲ ಜನ ಹೇಳುತ್ತಲೇ ಹೋದರು. ಪಟ್ಟಿಯಲ್ಲಿ ಅಡಗಿಸಿಟ್ಟಿದ್ದ ಉತ್ತರಗಳಲ್ಲಿ ಒಂದು, ಗೋಡೆಗೆ ಸ್ಕ್ರೂ ಕೂರಿಸಲು ಬಡಿಯುವ ಪ್ಲಗ್ಗು. ಇನ್ನೊಂದು, ಕಣ್ಣು ಮಾತ್ರ ಕಾಣುವಂತೆ ಮುಖ ಮುಚ್ಚುವ ಉಣ್ಣೆಯ ಟೋಪಿ! ಇದು ಜ್ಞಾನದ ಪರೀಕ್ಷೆಯೆ? ಪಾಠಶಾಲೆಯ ಮೇಷ್ಟರು ಇಂತಹ ಪ್ರಶ್ನೆ ಕೊಟ್ಟರೆ ಮಕ್ಕಳ ತಂದೆತಾಯಿಗಳು ಅವರನ್ನು ಸುಮ್ಮನೆ ಬಿಟ್ಟಾರೆಯೆ?

"ಯಾರೂ ಬಲವಂತ ಮಾಡಲಿಲ್ಲ, ಬೇಕಾದವರು ಆಡಿದರು" ಎಂದು ಕಂಪನಿಗಳ ವಕೀಲರು ಹೇಳುತ್ತಾರೆ. ನಾವು ಕೇಳುತ್ತೇವೆ: ಆ ಸರಿರಾತ್ರಿಯಲ್ಲಿ ಎಚ್ಚರವಿರುವವರು ಯಾರು? ಎರಡನೆಯ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದ ಕೆಲಸಗಾರ, ಮಾತಾಡಿಸುವವರಿಲ್ಲದ ಮುದುಕಿ, ನಾಳೆ ಸಾಲಗಾರನಿಗೆ ಏನು ಹೇಳಲೆಂದು ಹೊರಳಾಡುವ ಸಣ್ಣ ವ್ಯಾಪಾರಿ. ಇಂಥವರ ಕಣ್ಣೆದುರು ನೋಟಿನ ಕಟ್ಟು ಆಡಿಸಿ "ಬೇಗ, ಬೇಗ, ಹೊತ್ತು ಮುಗಿಯಿತು" ಎಂದು ಅವಸರಿಸುವುದು ಬಲವಂತವಲ್ಲದೆ ಮತ್ತೇನು? ಕೊರಳಪಟ್ಟಿ ಹಿಡಿದು ಎಳೆಯುವುದೊಂದೇ ಬಲವಂತವಲ್ಲ.

ಜರ್ಮನಿಯಲ್ಲಿಯೂ ಇದೇ ಕಥೆ. ಅಲ್ಲಿ 9ಲೈವ್ ಎಂಬ ವಾಹಿನಿ 2001ರಲ್ಲಿ ಆರಂಭವಾಗಿ, ಕರೆಯೊಂದಕ್ಕೆ 50 ಸೆಂಟ್‌ನಂತೆ ವಸೂಲು ಮಾಡುತ್ತ ಹತ್ತು ವರ್ಷ ಬಾಳಿತು. 2011ರಲ್ಲಿ ಅದು ಬಾಗಿಲು ಹಾಕಿತು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು 2007ರ ಜನವರಿಯಲ್ಲಿ ವರದಿ ಕೊಟ್ಟು, ಈ ಆಟಗಳು ಜೂಜಿನಂತೆಯೇ ಕಾಣುತ್ತವೆ, ಗೆಲ್ಲುವ ಸಂಭವ ಎಷ್ಟೆಂಬುದನ್ನು ನೋಡುವವರಿಗೆ ತಿಳಿಸಬೇಕು ಎಂದಿತು. ಅದೇ ಮಾರ್ಚಿಯಲ್ಲಿ ಐಟಿವಿ ಪ್ಲೇ ವಾಹಿನಿ ಮುಚ್ಚಿತು. ಫೈವ್ ಎಂಬ ಇನ್ನೊಂದು ವಾಹಿನಿಯ ಹಗಲಿನ ಆಟವೊಂದರಲ್ಲಿ ಸುಳ್ಳು ಹೆಸರುಗಳನ್ನು ಗೆದ್ದವರೆಂದು ತೋರಿಸಿದ್ದು, ಕಾರ್ಯಕ್ರಮದ ಸಿಬ್ಬಂದಿಯೇ ಗೆದ್ದವರಂತೆ ನಟಿಸಿದ್ದು ಬಯಲಾಗಿ 3 ಲಕ್ಷ ಪೌಂಡು ದಂಡ ಬಿತ್ತು. ಬೇರೆ ಜನಪ್ರಿಯ ಕಾರ್ಯಕ್ರಮಗಳ ಫೋನು ಪಂದ್ಯಗಳಲ್ಲಿ ಜನರನ್ನು ವಂಚಿಸಿದ್ದಕ್ಕಾಗಿ ಐಟಿವಿಗೆ 2008ರಲ್ಲಿ 56 ಲಕ್ಷ 75 ಸಾವಿರ ಪೌಂಡು ದಂಡವಾಯಿತು.

ಇದೆಲ್ಲ ಸೀಮೆಯ ಸುದ್ದಿ, ನಮಗೇಕೆ ಎನ್ನಬೇಡಿ. ನಮ್ಮ ದೇಶದಲ್ಲಿ 2007ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ನಡೆದಾಗ, ಮನೆಯಲ್ಲಿ ಕೂತು ನೋಡುವವರಿಗೂ ಒಂದು ಪಂದ್ಯವಿತ್ತು. ಉತ್ತರ ಕಳಿಸುವ ಒಂದು ಎಸ್ಸೆಮ್ಮೆಸ್ಸಿಗೆ 2 ರೂಪಾಯಿ 40 ಪೈಸೆ. ಗ್ರಾಹಕರ ರಾಷ್ಟ್ರೀಯ ಆಯೋಗದ ಮುಂದೆ ಬಂದ ಲೆಕ್ಕದಂತೆ 5 ಕೋಟಿ 80 ಲಕ್ಷ ಸಂದೇಶಗಳು ಹೋದವು. ಅಂದರೆ 13 ಕೋಟಿ 92 ಲಕ್ಷ ರೂಪಾಯಿ. ಹಂಚಿದ ಬಹುಮಾನ 1 ಕೋಟಿ 4 ಲಕ್ಷ. ಬಹುಮಾನದ ಹಣ ಜನರಿಂದಲೇ ಎತ್ತಿದ್ದೆಂದು ಆಯೋಗವು 2008ರಲ್ಲಿ 1 ಕೋಟಿ ದಂಡ ಹಾಕಿತು. ಆಧಾರ ಸಾಲದೆಂದು ಸುಪ್ರೀಂ ಕೋರ್ಟು 2019ರಲ್ಲಿ ಆ ಆದೇಶವನ್ನು ರದ್ದು ಮಾಡಿತು. ನ್ಯಾಯಾಲಯದ ತೀರ್ಪು ತೀರ್ಪೇ. ಆದರೆ ಎರಡೂಕಾಲು ರೂಪಾಯಿಯ ಮೇಲೆ ಕಳಕೊಂಡ ಒಬ್ಬೊಬ್ಬ ನೋಡುಗನೂ ಕೋರ್ಟಿಗೆ ಹೋಗಿ ಆಧಾರ ಒದಗಿಸಬಲ್ಲನೆ? ಸುಲಿಗೆ ಸಣ್ಣದಾಗಿದ್ದಷ್ಟೂ ಸುಲಿದವನು ಕ್ಷೇಮ. ಈ ವ್ಯಾಪಾರದ ಗುಟ್ಟೆಲ್ಲ ಅಲ್ಲಿದೆ.

ಬೀದಿಯಲ್ಲಿ ಮಟ್ಕಾ ಚೀಟಿ ಬರೆಯುವವನನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ ಹಿಡಿದೊಯ್ಯುತ್ತಾರೆ. ಮಟ್ಕಾದಿಂದ ಹಾಳಾದ ಸಂಸಾರಗಳನ್ನು ಬಲ್ಲ ನಾವು ಅದಕ್ಕೆ ಅಡ್ಡಿ ಹೇಳುವುದಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲೆ ಸಂಸತ್ತು 2025ರ ಆಗಸ್ಟಿನಲ್ಲಿ ನಿಷೇಧದ ಕಾಯಿದೆ ಮಾಡಿದ್ದೂ ಸರಿಯೇ. ಆದರೆ ಜೂಜು ಪ್ರತಿ ಸಲವೂ ಹೊಸ ಅಂಗಿ ತೊಟ್ಟು ಬರುತ್ತದೆ. ನಿನ್ನೆ ಫೋನು, ಮೊನ್ನೆ ಎಸ್ಸೆಮ್ಮೆಸ್ಸು, ನಾಳೆ ಇನ್ನೊಂದು. ಅಂಗಿಯನ್ನು ನೋಡಿ ಕಾನೂನು ಬರೆದರೆ ಕಳ್ಳ ಅಂಗಿ ಬದಲಿಸುತ್ತಾನೆ.

ಆದಕಾರಣ ನಮ್ಮ ಬೇಡಿಕೆ ಮೂರೇ ಮೂರು. ಒಂದು: ಒಳಗೆ ಬಿಡದ ಕರೆಗೆ, ಎಣಿಸದ ಉತ್ತರಕ್ಕೆ ಕಾಸು ವಸೂಲು ಮಾಡಕೂಡದು. ಎರಡು: ಎಷ್ಟು ಜನ ಆಡಿದರು, ಎಷ್ಟು ಹಣ ಬಂತು, ಎಷ್ಟು ಹಂಚಿದರು ಎಂಬ ಲೆಕ್ಕವನ್ನು ಅದೇ ಪರದೆಯ ಮೇಲೆ, ಅದೇ ರಾತ್ರಿ, ಕನ್ನಡ ಓದುವವನಿಗೆ ಕನ್ನಡದಲ್ಲಿಯೇ ತೋರಿಸಬೇಕು. ಮೂರು: ಹಣ ತೆತ್ತು ಅದೃಷ್ಟ ಕಾಯುವ ಆಟ ಯಾವುದೇ ಹೆಸರಿನಲ್ಲಿರಲಿ, ಅದನ್ನು ಜೂಜೆಂದೇ ಕರೆಯಬೇಕು, ನಡೆಸುವವನು ಗಲ್ಲಿಯವನಾಗಲಿ ಗಾಜಿನ ಮಹಡಿಯವನಾಗಲಿ, ಕಾನೂನು ಒಂದೇ ಇರಬೇಕು.

ಸರ್ಕಾರ ಇದನ್ನು ಮಾಡುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಪರದೆಯ ಮೇಲೆ ಯಾರಾದರೂ ನಗುತ್ತ ಬಹುಮಾನ ತೋರಿಸಿದಾಗ, ಆ ಬಹುಮಾನದ ಹಣ ಎಲ್ಲಿಂದ ಬಂತೆಂದು ಪಕ್ಕದವನನ್ನು ಕೇಳಿರಿ. ಆಮೇಲೆ ನಿಮ್ಮ ಜೇಬು ಮುಟ್ಟಿ ನೋಡಿಕೊಳ್ಳಿರಿ. ಉತ್ತರ ಅಲ್ಲಿಯೇ ಸಿಕ್ಕೀತು. ಅದಕ್ಕೆ ಫೋನು ಮಾಡಬೇಕಾಗಿಲ್ಲ.