ಚಿತ್ರದ ಕೆಳಗೊಂದು ಹೆಸರು

ಭಾವಚಿತ್ರವೊಂದನ್ನು ಕಂಡೊಡನೆ “ಇದನ್ನು ಬರೆದವರು ಯಾರು?” ಎಂದು ಕೇಳುವುದು ರಸಿಕರ ವಾಡಿಕೆ. “ಇದರಲ್ಲಿರುವವರು ಯಾರು?” ಎಂದು ಕೇಳುವವರು ವಿರಳ. ಚಿತ್ರದಲ್ಲಿರುವವರು ಅರಸರೋ ದಿವಾನರೋ ಆಗಿದ್ದರೆ ಉತ್ತರವು ಚೌಕಟ್ಟಿನ ಕೆಳಗೇ ಇರುತ್ತದೆ. ಹಾಗಲ್ಲದವರಾದರೆ ಉತ್ತರವೂ ಇಲ್ಲ, ಪ್ರಶ್ನೆಯೂ ಇಲ್ಲ. ಈ ಉಪೇಕ್ಷೆಯಲ್ಲಿ ನನಗೂ ಪಾಲುಂಟು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಇಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೊಳಗೊಂಡ ನಮ್ಮ ಸೀಮೆ ತೆಂಗಿನ ಸೀಮೆ. ಇಲ್ಲಿಯ ಉಂಡೆ ಕೊಬ್ಬರಿ ಉತ್ತರ ಭಾರತದ ಪೇಟೆಗಳವರೆಗೂ ಹೋಗುತ್ತದೆ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹಲವು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪೊಡೆದು, ಗಿಟುಕಿಗೆ ಏಟು ತಾಗದ ಹಾಗೆ ಬಿಡಿಸಬೇಕು. ಗಿಟುಕು ಒಡೆಯಿತೆಂದರೆ ಬೆಲೆ ಬಿದ್ದಂತೆಯೇ. ಚಿಪ್ಪೊಡೆದು ಬಿಡಿಸುವ ಈ ನಾಜೂಕಿನ ಕೆಲಸ ಬಹುಮಟ್ಟಿಗೆ ಹೆಂಗಸರದು.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಭಾವಚಿತ್ರ ಬರೆಯುವುದರಲ್ಲಿ ಆಸಕ್ತಿ. ಮೊದಮೊದಲು ಆಕೆ ಮೊಬೈಲಿನಲ್ಲಿ ಕಂಡ ಚಲನಚಿತ್ರ ತಾರೆಯರ ಮುಖಗಳನ್ನು ಬರೆದು ತರುತ್ತಿದ್ದಳು. ಅವುಗಳಲ್ಲಿ ಹೋಲಿಕೆಗೆ ಕೊರತೆಯಿರಲಿಲ್ಲ; ಜೀವಕ್ಕೆ ಕೊರತೆಯಿತ್ತು. ಕಳೆದ ವರ್ಷ ತನ್ನ ಮನೆಗೆ ಕೊಬ್ಬರಿ ಬಿಡಿಸಲು ಬರುವ ವೃದ್ಧೆಯೊಬ್ಬರನ್ನು ಬರೆಯಬೇಕೆಂದು ಆಕೆಗೆ ತೋರಿತು. “ಸುಮ್ನೆ ಕೂತ್ರೆ ಕೂಲಿ ಯಾರು ಕೊಡ್ತಾರವ್ವ? ನನ್ ಪಾಡಿಗೆ ನಾನು ಕೆಲ್ಸ ಮಾಡ್ತೀನಿ, ನಿನ್ ಪಾಡಿಗೆ ನೀನು ಬರ್ಕೊ” ಎಂದರಂತೆ ಅವರು. ಹೀಗಾಗಿ ಆ ಮುಖ ಒಂದು ಗಳಿಗೆಯೂ ಸ್ಥಿರವಾಗಿ ನಿಲ್ಲಲಿಲ್ಲ. ಹುಡುಗಿ ಹಾಳೆಯ ಮೇಲೆ ಹಾಳೆ ಹರಿದಳು. ಹತ್ತು ಹದಿನೈದು ದಿನಗಳಾದ ಮೇಲೆ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಆ ಅಜ್ಜಿ ಅನುಮಾನ ಬಂದ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು ಒಳಗೆ ಆಡುವ ಸದ್ದು ಕೇಳಿದರೆ ಮಾತ್ರ ಅದನ್ನು ಒಡೆಯುವ ರಾಶಿಗೆ ಹಾಕುತ್ತಾರೆ. ಆಲಿಸುವ ಆ ಒಂದು ಕ್ಷಣದಲ್ಲಿ ಮುಖದ ಗೆರೆಗಳೆಲ್ಲ ಒಂದೆಡೆ ಕೂಡುತ್ತವೆ. ಚಿತ್ರ ದೊರೆತದ್ದು ಅಲ್ಲಿ. “ನಾನು ಹುಡುಕಿದ್ದಲ್ಲ ಸಾರ್, ಅವರೇ ತೋರಿಸಿಕೊಟ್ಟಿದ್ದು” ಎಂದಳು ಹುಡುಗಿ.

ಸ್ಫೂರ್ತಿಯೆಂಬ ಪದವನ್ನು ನಾವು ತರಗತಿಗಳಲ್ಲಿ ಬಹಳ ಸುಲಭವಾಗಿ ಬಳಸುತ್ತೇವೆ. ಅದು ಎಲ್ಲಿಂದಲೋ ತಾನಾಗಿ ಇಳಿದುಬರುವುದೆಂಬಂತೆ ಮಾತನಾಡುತ್ತೇವೆ. ಭಾವಚಿತ್ರ ಬರೆಯುವವರ ಮಟ್ಟಿಗೆ ಅದು ಎದುರಿಗಿರುವ ಮನುಷ್ಯರು ಕೊಟ್ಟ ಸಾಲ. ಅಮೃತಾ ಶೇರ್‌ಗಿಲ್ ಅವರ ಬಾಳೇ ಇದಕ್ಕೆ ಸಾಕ್ಷಿ. 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಆಕೆ 1929ರಿಂದ ಪ್ಯಾರಿಸಿನಲ್ಲಿ ಕಲಿತು, ಅಲ್ಲಿಯ ಕಲಾಮಂಡಲಿಯ ಮನ್ನಣೆಯನ್ನು ಎಳೆಯ ವಯಸ್ಸಿನಲ್ಲಿಯೇ ಪಡೆದರು. ಆದರೂ 1934ರಲ್ಲಿ ಭಾರತಕ್ಕೆ ಮರಳಿದರು. ಮರುವರ್ಷ ಬರೆದದ್ದು ಬೆಟ್ಟದ ಸೀಮೆಯ ಗಂಡಸರನ್ನು, ಹೆಂಗಸರನ್ನು. ಮುಂದೆ ಅಜಂತಾ ಎಲ್ಲೋರಗಳನ್ನು ಕಂಡು, ದಕ್ಷಿಣದಲ್ಲಿ ಸಂಚರಿಸಿ ಬಂದು, 1937ರಲ್ಲಿ ‘ವಧುವಿನ ಶೃಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’ ಎಂಬ ಚಿತ್ರಗಳನ್ನು ಬರೆದರು. 1941ರಲ್ಲಿ, ಕೇವಲ 28ರ ಹರೆಯದಲ್ಲಿ, ತೀರಿಕೊಂಡರು. ಪ್ಯಾರಿಸು ಆಕೆಯ ಕೈಯನ್ನು ಪಳಗಿಸಿತು. ಆ ಕೈಗೆ ಬರೆಯಲು ಏನಿದೆಯೆಂಬುದನ್ನು ತೋರಿಸಿದವರು ಈ ಜನ.

ಈ ಮಾತುಗಳನ್ನೆಲ್ಲ ನಾನು ತರಗತಿಯಲ್ಲಿ ಸೊಗಸಾಗಿಯೇ ಹೇಳಿದ್ದೆ. ನನ್ನ ಅರಿವು ಎಷ್ಟರಮಟ್ಟಿನದೆಂಬುದು ಗೊತ್ತಾದದ್ದು ಆಮೇಲೆ. ವಿದ್ಯಾರ್ಥಿಗಳ ಚಿತ್ರಪ್ರದರ್ಶನದಲ್ಲಿ ಶೀರ್ಷಿಕೆಗಳನ್ನು ಬರೆಯುವ ಕೆಲಸ ಕನ್ನಡ ಅಧ್ಯಾಪಕನಾದ ನನ್ನ ಪಾಲಿಗೆ ಬಂದಿತು. ಅಜ್ಜಿಯ ಚಿತ್ರದ ಕೆಳಗೆ, ತುಸು ಹೆಮ್ಮೆಯಿಂದಲೇ, ‘ಶ್ರಮಜೀವಿ’ ಎಂದು ಬರೆದೆ. ಅದರ ಕೆಳಗೆ ಹುಡುಗಿಯ ಹೆಸರು, ತರಗತಿ. ಎರಡನೆಯ ದಿನ ಹುಡುಗಿ ಅಜ್ಜಿಯನ್ನು ಕರೆತಂದಳು. ಅವರಿಗೆ ಓದು ಬಾರದು. ಚೀಟಿಯನ್ನು ತೋರಿಸಿ “ಏನ್ ಬರ್ದವ್ರೆ?” ಎಂದು ಕೇಳಿದರು. ಹುಡುಗಿ ಓದಿದಳು. ಅಜ್ಜಿ ಒಂದು ಕ್ಷಣ ಯೋಚಿಸಿ, “ಅದ್ಯಾರ ಹೆಸ್ರವ್ವ?” ಎಂದರು.

ಅವರ ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ತಿಳಿಯದ್ದನ್ನು ಕೇಳಿದರು, ಅಷ್ಟೆ. ನನ್ನ ಬಳಿ ಉತ್ತರವಿರಲಿಲ್ಲ. ಅವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ದೊಡ್ಡ ಮಾತೊಂದನ್ನು ಹೊದಿಸಿ, ಒಬ್ಬ ಮನುಷ್ಯರನ್ನು ಮರೆಮಾಡಿದ್ದೆ.

ಈ ತಪ್ಪು ನನ್ನೊಬ್ಬನದಲ್ಲ. ಅಮೃತಾ ಅವರ ಆ ಶೀರ್ಷಿಕೆಗಳನ್ನೇ ಮತ್ತೆ ನೋಡಿ: ಪ್ರಾಂತವಿದೆ, ಆಶ್ರಮವಿದೆ, ಹೆಸರಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವನ್ನು ನಮ್ಮಲ್ಲಿ ನೋಡದವರು ಕಡಿಮೆ. ಎಸ್. ಎಲ್. ಹಳದಣಕರ್ ಅದನ್ನು ಬರೆದದ್ದು 1945–46ರ ಸುಮಾರಿನಲ್ಲಿ. 1906ರಲ್ಲಿಯೇ ಗತಿಸಿದ ರವಿವರ್ಮನದು ಅದೆಂದು ಹೇಳುವವರು ಇಂದಿಗೂ ಇದ್ದಾರೆ. ಬರೆದವರ ವಿಷಯದಲ್ಲಿಯೇ ಹೀಗಾದರೆ, ದೀಪ ಹಿಡಿದು ನಿಂತವರ ಗತಿಯೇನು? ಅವರು ಚಿತ್ರಕಾರರ ಮಗಳು ಗೀತಾ. ಮದುವೆಯ ಬಳಿಕ ಗೀತಾ ಉಪಳೇಕರ್ ಎಂದಾಗಿ ಕೊಲ್ಹಾಪುರದಲ್ಲಿ ಬಾಳಿ, 2018ರಲ್ಲಿ, 102ರ ವಯಸ್ಸಿನಲ್ಲಿ ನಿಧನರಾದರು. ಅವರು ಬದುಕಿದ್ದ ಅಷ್ಟೂ ಕಾಲ ಸಾವಿರಾರು ಜನ ಆ ಮುಖದ ಮುಂದೆ ನಿಂತು, ಯಾರೆಂದು ತಿಳಿಯದೆಯೇ ಮರಳಿದರು.

ಹೆಸರು ಹೇಳಿದರೆ ಚಿತ್ರದ ವ್ಯಾಪ್ತಿ ಕುಗ್ಗುವುದೆಂದು, ವ್ಯಕ್ತಿ ಮಾಯವಾದಲ್ಲದೆ ವಿಶ್ವಾತ್ಮಕತೆ ಬಾರದೆಂದು ವಾದಿಸುವವರುಂಟು. ಗೀತಾ ಎಂಬ ಹೆಸರು ತಿಳಿದ ಮೇಲೆ ನನ್ನ ಕಣ್ಣಿಗಂತೂ ಆ ದೀಪದ ಬೆಳಕು ಕಡಿಮೆಯಾಗಿಲ್ಲ. ನಮ್ಮ ಪೂರ್ವಿಕರಿಗೂ ಈ ಅಂಜಿಕೆ ಇದ್ದಂತೆ ತೋರದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ದೇವಾಲಯದಲ್ಲಿ ಹೊನೋಜನೆಂಬ ಶಿಲ್ಪಿಯ ಹೆಸರು ಉಳಿದಿದೆ. ಅದು ಕಲಾವಿದನಿಗೆ ಸಂದ ಗೌರವ. ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಕ್ರಮ ತಿರುಗುಮುರುಗು: ಅಕ್ಷರವಿರುವಲ್ಲಿ ಮಡಿದವನ ಹೆಸರಿರುತ್ತದೆ, ಕಡೆದವನ ಹೆಸರು ಅಪರೂಪ. ತುರು ಕಾದು ಸತ್ತವನು ರಾಜನಾಗಿರಬೇಕಾಗಿರಲಿಲ್ಲ. ಎರಡು ಗೌರವಗಳನ್ನೂ ಬಲ್ಲ ನೆಲ ಇದು. ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಸಲ್ಲಿಸುವುದು ನಮಗೇನು ಕಷ್ಟ?

ಆದ್ದರಿಂದ ಚಿತ್ರ ಬರೆಯುವ ತರುಣತರುಣಿಯರಲ್ಲಿ, ಪ್ರದರ್ಶನ ಏರ್ಪಡಿಸುವ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಯಾರ ಮುಖದಿಂದ ನಿಮಗೆ ಚಿತ್ರ ದೊರೆಯಿತೋ ಅವರ ಹೆಸರನ್ನು ಕೇಳಿ ತಿಳಿಯಿರಿ. ಅವರು ಒಪ್ಪಿದರೆ ಅದನ್ನು ಚಿತ್ರದ ಕೆಳಗೆ ಬರೆಯಿರಿ. ಒಪ್ಪದಿದ್ದರೆ ಆ ಇಚ್ಛೆಯನ್ನು ಮನ್ನಿಸಿ. ಕೇಳದೆ ಬಿಡುವುದು ಮಾತ್ರ ಸಲ್ಲದು.

ನಾನು ಅಂದೇ ಆ ಚೀಟಿಯನ್ನು ಹರಿದು, ಅಜ್ಜಿಯ ಹೆಸರನ್ನೂ ಊರನ್ನೂ ಕೇಳಿ, ಹೊಸದಾಗಿ ಬರೆದೆ. ಪೇಪರಿನಲ್ಲಿ ಹಾಕಲೇ ಎಂದು ಕೇಳಿದ್ದಕ್ಕೆ, “ಬ್ಯಾಡಿ ಮೇಷ್ಟ್ರೇ, ಅಲ್ಲಿದ್ರೆ ಸಾಕು” ಎಂದರು. ಆದಕಾರಣ ಆ ಹೆಸರು ಈ ಲೇಖನದಲ್ಲಿಲ್ಲ. ಅದು ಇರಬೇಕಾದ ಸ್ಥಳದಲ್ಲಿ, ಚಿತ್ರದ ಕೆಳಗೆ, ಇದೆ.